ತಹಶೀಲು ಕಚೇರಿ ಇಲ್ಲದ ನೆಲ

ಜಹೀರಾಬಾದಿನಿಂದ ಮೊಗುಡಂಪಲ್ಲಿಗೆ ಹೋಗುವಾಗ ನೆಲದ ಬಣ್ಣ ಎರಡು ಮೂರು ಬಾರಿ ಬದಲಾಗುತ್ತದೆ. ಕೆಂಪು ಮೊರಂ ಇರುವಲ್ಲಿ ಆಲೂಗಡ್ಡೆ, ಶುಂಠಿ. ಕಪ್ಪು ಎರೆಯಿರುವಲ್ಲಿ ತೊಗರಿ, ಹತ್ತಿ, ಜೋಳ. ನೀರಿನ ಅನುಕೂಲವಿರುವಲ್ಲೆಲ್ಲ ಕಬ್ಬು. ಅಂಗಡಿಯ ಫಲಕ ತೆಲುಗಿನಲ್ಲಿ, ಹಳೆಯ ದಸ್ತಾವೇಜು ಉರ್ದುವಿನಲ್ಲಿ, ಮನೆಯೊಳಗಿನ ಮಾತು ಅನೇಕ ಕಡೆ ಕನ್ನಡದಲ್ಲಿ. ಮೊಗುಡಂಪಲ್ಲಿ ಪ್ರತ್ಯೇಕ ಮಂಡಲವಾದದ್ದು 2016ರಲ್ಲಿ, ಸಂಗಾರೆಡ್ಡಿ ಜಿಲ್ಲೆ ರಚನೆಯಾದಾಗ. ಆದರೆ ಈ ಸೀಮೆಯ ಹಣೆಬರಹ ನಿರ್ಧಾರವಾದದ್ದು ಅದಕ್ಕೆ ಅರವತ್ತು ವರ್ಷ ಮೊದಲು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 3ನೆಯ ಕಲಮನ್ನು ತೆರೆದು ನೋಡಿರಿ. ಆಂಧ್ರಪ್ರದೇಶಕ್ಕೆ ಸೇರಬೇಕಾದ ಪ್ರದೇಶಗಳಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್ ತಾಲೂಕು ಇದೆ. ಪಕ್ಕದಲ್ಲೇ, ಕಂಸದೊಳಗೆ, ನಿರ್ಣಾ ವೃತ್ತವನ್ನು ಹೊರತುಪಡಿಸಿ ಎಂಬ ಮಾತಿದೆ. ಜೊತೆಗೆ ಬೀದರ ತಾಲೂಕಿನ ನ್ಯಾಲ್ಕಲ್ ವೃತ್ತ, ನಾರಾಯಣಖೇಡ ತಾಲೂಕು. ಗುಲಬರ್ಗಾ ಜಿಲ್ಲೆಯ ತಾಂಡೂರೂ ಅದೇ ರೀತಿ ಆಚೆಗೆ ಹೋಯಿತು. ಕಂಸದೊಳಗಿನ ಕೆಲವೇ ಪದಗಳು ನಿರ್ಣೆಯ ಮಕ್ಕಳನ್ನು ಒಂದು ರಾಜ್ಯದಲ್ಲಿಯೂ ನಮ್ಮ ಮಕ್ಕಳನ್ನು ಇನ್ನೊಂದು ರಾಜ್ಯದಲ್ಲಿಯೂ ಇರಿಸಿದವು. ಗೆರೆ ಎಳೆದವರು ಈ ಹೊಲಗಳನ್ನು ಕಂಡಿದ್ದರೋ ಇಲ್ಲವೋ, ಗೆರೆ ಮಾತ್ರ ನಿಂತಿದೆ.

ನಾನು ಇತ್ತೀಚೆಗೆ ಆ ಭಾಗಕ್ಕೆ ಹೋದದ್ದು ನ್ಯಾಯಾಲಯದ ಕಮಿಷನರನಾಗಿ, ಸ್ಥಳ ಪರಿಶೀಲನೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶ ವಕೀಲರಿಗೆ ಒದಗಿಸುವ ಈ ಕೆಲಸ ನನಗೆ ಬಹಳ ಪ್ರಿಯವಾದುದು. ಕೋರ್ಟಿನ ಧೂಳು ಬಿಟ್ಟು ಹೊಲದ ಧೂಳಿನಲ್ಲಿ ನಿಲ್ಲುವ ಅವಕಾಶ. ವ್ಯಾಜ್ಯ ಸಾಮಾನ್ಯವಾದದ್ದೇ: ಬಾವಿಗೆ ಹೋಗುವ ಬಂಡಿದಾರಿ ಯಾರದು ಎಂಬುದು. ಸರ್ವೇಯರು ಸರಪಳಿ ಹಿಡಿದು ಬಾಂದುಗಲ್ಲು ಹುಡುಕುತ್ತಿದ್ದಾಗ ಶಾಲೆ ಬಿಟ್ಟ ಹುಡುಗರು ಸುತ್ತ ನೆರೆದರು. ಅವರಲ್ಲೊಬ್ಬ ಕೇಳಿದ: “ವಕೀಲ್ ಸಾಬ್, ಚಂದ್ರನ ಮ್ಯಾಲ ಪ್ಲಾಟ್ ಮಾರ್ಲಿಕತ್ತಾರಂತಲ್ರಿ, ಅದರ ಪಹಾಣಿ ಯಾರು ಕೊಡ್ತಾರ್ರಿ?”

ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಚಂದ್ರನ ಮೇಲೆ ನಿವೇಶನ ಕೊಡುತ್ತೇವೆಂದು ಪ್ರಮಾಣಪತ್ರ ಮಾರುವವರ ಕಾಗದಕ್ಕೆ ಬೆಲೆಯಿಲ್ಲವೆಂದು ಹುಡುಗನಿಗೆ ಹೇಳಿದೆ. 1967ರ ಬಾಹ್ಯಾಕಾಶ ಒಪ್ಪಂದದ 2ನೆಯ ವಿಧಿಯ ಪ್ರಕಾರ ಯಾವ ರಾಷ್ಟ್ರವೂ ಚಂದ್ರನನ್ನು ತನ್ನದೆಂದು ಸಾಧಿಸುವಂತಿಲ್ಲ. ಪಟ್ಟಾ ಕೊಡಬಲ್ಲ ಸರ್ಕಾರವೇ ಇಲ್ಲದಿರುವಾಗ ಪಟ್ಟಾದಾರನೆಲ್ಲಿಂದ ಬರಬೇಕು? ಅಷ್ಟಕ್ಕೆ ಹುಡುಗ ಸುಮ್ಮನಾದ. ಮನೆಗೆ ಬಂದ ಮೇಲೆ ನಾನು ಸುಮ್ಮನಾಗಲಿಲ್ಲ. ಏಕೆಂದರೆ ನೆಲದ ಒಡೆತನವಿಲ್ಲದೆಯೂ ಅಲ್ಲಿ ಕಟ್ಟಡ ಕಟ್ಟುವ, ವ್ಯಾಪಾರ ನಡೆಸುವ ಸಿದ್ಧತೆ ಆರಂಭವಾಗಿದೆ.

ಸಿದ್ಧತೆಯ ರೀತಿ ನಮಗೆ ಅಪರಿಚಿತವಲ್ಲ. ನಮ್ಮ ಸನಿಹದ ನ್ಯಾಲ್ಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ 12,635 ಎಕರೆಯ ಕೈಗಾರಿಕಾ ವಲಯದ ಯೋಜನೆ ಇದೆ. 2024ರ ಆಗಸ್ಟ್ 28ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಒಂದು. ಮೊದಲ ಹಂತ 3,245 ಎಕರೆ, ಅಂದಾಜು ವೆಚ್ಚ 2,361 ಕೋಟಿ ರೂಪಾಯಿ. ಇಂಥಲ್ಲಿ ಕಾರ್ಖಾನೆ ಮೊದಲು ಬರುವುದಿಲ್ಲ. ರಸ್ತೆ, ವಿದ್ಯುತ್ತು, ನೀರು, ದೂರವಾಣಿ ಮೊದಲು ಬರಬೇಕು. ಚಂದ್ರನಲ್ಲಿಯೂ ಅದೇ ಪಟ್ಟಿ: ಇಳಿದಾಣ, ಸೌರಫಲಕ, ಸಂಪರ್ಕಜಾಲ, ಹಿಮದಿಂದ ತೆಗೆಯುವ ನೀರು. ನೀರನ್ನು ಒಡೆದರೆ ಜಲಜನಕ, ಆಮ್ಲಜನಕ. ಎಂದರೆ ರಾಕೆಟ್ಟಿನ ಇಂಧನ. ಅಮೆರಿಕದ ನಾಸಾ 2018ರಿಂದ ತಾನೇ ವಾಹನ ಕಟ್ಟುವ ಬದಲು ಖಾಸಗಿ ಕಂಪನಿಗಳಿಗೆ ಬಾಡಿಗೆ ಕೊಟ್ಟು ಉಪಕರಣಗಳನ್ನು ಚಂದ್ರನಿಗೆ ಕಳುಹಿಸುವ ಪದ್ಧತಿ ಹಿಡಿದಿದೆ. 2024ರ ಫೆಬ್ರವರಿಯಲ್ಲಿ ಇಂಟ್ಯೂಟಿವ್ ಮೆಷೀನ್ಸ್ ಕಂಪನಿಯ ವಾಹನ ಇಳಿಯಿತು, ಇಳಿದು ಪಕ್ಕಕ್ಕೆ ವಾಲಿತು. 2025ರ ಮಾರ್ಚ್ 2ರಂದು ಫೈರ್‌ಫ್ಲೈ ಕಂಪನಿಯ ಬ್ಲೂ ಘೋಸ್ಟ್ ನೆಟ್ಟಗೆ ನಿಂತು ಒಂದು ಚಂದ್ರಹಗಲು, ಎಂದರೆ ನಮ್ಮ ಹದಿನಾಲ್ಕು ದಿನ, ಕೆಲಸ ಮಾಡಿತು.

ಈ ಹಾದಿಯನ್ನು ಬೆಂಗಳೂರು ಬಹು ಹಿಂದೆಯೇ ತುಳಿಯಲು ಯತ್ನಿಸಿತ್ತು. ಗೂಗಲ್ ಚಂದ್ರ ಸ್ಪರ್ಧೆಯಲ್ಲಿ ಪಾಲ್ಗೊಂಡ ಟೀಮ್ ಇಂಡಸ್ ಎಂಬ ತಂಡ 2015ರಲ್ಲಿ ಇಳಿಯುವ ತಂತ್ರಜ್ಞಾನಕ್ಕಾಗಿ ಹತ್ತು ಲಕ್ಷ ಡಾಲರ್ ಬಹುಮಾನ ಪಡೆಯಿತು. ಅದರ ಪುಟ್ಟ ಬಂಡಿಯ ಹೆಸರು ‘ಏಕ್ ಛೋಟೀ ಸೀ ಆಶಾ’. ಇಸ್ರೋದ ರಾಕೆಟ್ಟಿನಲ್ಲಿ ಹೋಗುವ ಒಪ್ಪಂದ 2018ರ ಆರಂಭದಲ್ಲಿ ಕೈತಪ್ಪಿತು. ಅದೇ ಮಾರ್ಚ್ ಕೊನೆಗೆ ಸ್ಪರ್ಧೆಯೂ ವಿಜೇತರಿಲ್ಲದೆ ಮುಗಿಯಿತು.

ಕನ್ನಡ ನಾಡಿನ ಇನ್ನೊಂದು ಪ್ರಯತ್ನ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ್ದು. ಚಂದ್ರನಿಗೆ ಇಟ್ಟಿಗೆ ಹೊತ್ತುಕೊಂಡು ಹೋಗಲಾಗದು. ಒಂದು ಪೌಂಡು ತೂಕ ಬಾಹ್ಯಾಕಾಶಕ್ಕೆ ಸಾಗಿಸಲು ಸುಮಾರು ಏಳೂವರೆ ಲಕ್ಷ ರೂಪಾಯಿ ಎಂದು 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹೇಳಿದರು. ಆದುದರಿಂದ ಅವರೂ ಇಸ್ರೋದವರೂ ಕೂಡಿ ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಯೂರಿಯಾ, ಒಂದು ಬಗೆಯ ಬ್ಯಾಕ್ಟೀರಿಯಾ ಮತ್ತು ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿದರು. ಗೋರಿಕಾಯಿ ಎಂದರೆ ನಮ್ಮ ಚವಳಿಕಾಯಿಯೇ. ಬ್ಯಾಕ್ಟೀರಿಯಾ ಸುಣ್ಣದಂಥ ಪದಾರ್ಥವನ್ನು ಉಂಟುಮಾಡುತ್ತದೆ, ಅಂಟು ಅದನ್ನು ಹಿಡಿದಿಡುತ್ತದೆ. ಬೀದರ ಸೀಮೆಯ ಹಿರಿಯರು ಕಾಲಡಿಯ ಕೆಂಪು ಕಲ್ಲನ್ನು ಮೆತ್ತಗಿರುವಾಗಲೇ ಕತ್ತರಿಸಿ, ಗಾಳಿಗೆ ಗಟ್ಟಿಯಾಗಲು ಬಿಟ್ಟು, ಗೋಡೆ ಎಬ್ಬಿಸಿದ ವಿವೇಕವೇ ಇದು. ತಾಂಡೂರಿನ ಮನೆಗಳಿಗೆ ನೆಲಹಾಸಿನ ಕಲ್ಲು ಹೊರಗಿನಿಂದ ಬಂದದ್ದುಂಟೆ?

ಇನ್ನು ವ್ಯಾಜ್ಯದ ವಿಷಯ. ನ್ಯಾಲ್ಕಲ್ಲಿನಲ್ಲಿ ನೆಲ ಕೊಟ್ಟ ರೈತನಿದ್ದಾನೆ, ಅವನಿಗೆ ಪರಿಹಾರದ ಪ್ರಶ್ನೆಯಿದೆ. ಚಂದ್ರನಲ್ಲಿ ಎಬ್ಬಿಸಬೇಕಾದ ರೈತನಿಲ್ಲ, ಆದ್ದರಿಂದ ತಕರಾರೂ ಇಲ್ಲವೆಂದು ಉತ್ಸಾಹಿಗಳು ಹೇಳುತ್ತಾರೆ. ನಾನು ಒಪ್ಪಲಾರೆ. ಇಪ್ಪತ್ತು ವರ್ಷದ ವಕೀಲಿಯಲ್ಲಿ ನಾನು ಕಂಡ ಹೊಲದ ದಾವೆಗಳಲ್ಲಿ ಒಡೆತನದ ಜಗಳಕ್ಕಿಂತ ದಾರಿ, ನೀರು, ನೆರಳು, ಧೂಳಿನ ಜಗಳಗಳೇ ಹೆಚ್ಚು; ಅವು ನೆರೆಹೊರೆಯವರ ಜಗಳಗಳು. ಚಂದ್ರನಲ್ಲಿ ನೆರೆಹೊರೆ ಇಕ್ಕಟ್ಟಾದದ್ದು. ಎಲ್ಲರಿಗೂ ಬೇಕಾದದ್ದು ದಕ್ಷಿಣ ಧ್ರುವದ ಸ್ವಲ್ಪವೇ ಜಾಗ. ಸದಾ ಕತ್ತಲಿರುವ ಕುಳಿಗಳಲ್ಲಿ ಹಿಮ. ಹತ್ತಿರದ ಕೆಲವು ಎತ್ತರಗಳಲ್ಲಿ ಮಾತ್ರ ಬಹುಕಾಲ ಬಿಸಿಲು.

ಬಿಸಿಲನ್ನೇ ತೆಗೆದುಕೊಳ್ಳೋಣ. ಧ್ರುವದಲ್ಲಿ ಸೂರ್ಯ ದಿಗಂತದಿಂದ ಒಂದೂವರೆ ಡಿಗ್ರಿಗಿಂತ ಮೇಲೇರುವುದಿಲ್ಲ. ಅಲ್ಲಿ ಹತ್ತು ಮೀಟರಿನ ಕಂಬ ನಿಲ್ಲಿಸಿದರೆ ಸಮತಟ್ಟು ನೆಲದ ಮೇಲೆ ಅದರ ನೆರಳು ಸುಮಾರು 380 ಮೀಟರ್ ಚಾಚುತ್ತದೆ. ಮೊದಲು ಬಂದವನ ಫಲಕ ನಂತರ ಬಂದವನಿಗೆ ಕತ್ತಲೆ ತರುತ್ತದೆ. ಕತ್ತಲೆಂದರೆ ಅಲ್ಲಿ ಮರಣವೇ; ನಮ್ಮ ಚಂದ್ರಯಾನ-3ರ ವಿಕ್ರಮ, ಪ್ರಜ್ಞಾನಗಳು 2023ರ ಸೆಪ್ಟೆಂಬರಿನಲ್ಲಿ ಚಂದ್ರರಾತ್ರಿಗೆ ಮಲಗಿದವು ಮತ್ತೆ ಏಳಲಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೆಯ ಕಲಂ, ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಕಿಟಕಿಯಿಂದ ಬೆಳಕು ಪಡೆದವನಿಗೆ ಆ ಬೆಳಕಿನ ಹಕ್ಕು ಕೊಡುತ್ತದೆ. ಧ್ರುವದ ಶಿಖರದ ಮೇಲೆ ಇಪ್ಪತ್ತು ವರ್ಷ ಕಾಯುವವರು ಯಾರು, ಕಾದರೂ ದಾವೆ ಹೂಡುವುದು ಯಾವ ನ್ಯಾಯಾಲಯದಲ್ಲಿ?

ಧೂಳಿನ ಸಾಕ್ಷಿಯಂತೂ ಆಗಲೇ ದಾಖಲಾಗಿದೆ. 1969ರಲ್ಲಿ ಅಪೊಲೊ-12 ಇಳಿದದ್ದು ಹಳೆಯ ಸರ್ವೇಯರ್-3 ವಾಹನದಿಂದ ಸುಮಾರು 160 ಮೀಟರ್ ದೂರದಲ್ಲಿ. ಯಾತ್ರಿಗಳು ಅದರ ಬಿಡಿಭಾಗಗಳನ್ನು ಕಳಚಿ ತಂದು ನೋಡಿದಾಗ, ತಮ್ಮದೇ ಇಂಜಿನ್ನಿನಿಂದ ಹಾರಿದ ಮರಳು ಅದನ್ನು ಉಜ್ಜಿದ ಗುರುತು ಕಂಡಿತು. ಗಾಳಿಯಿಲ್ಲದ ಲೋಕದಲ್ಲಿ ಹಾರಿದ ಕಣವನ್ನು ತಡೆಯುವುದು ಏನೂ ಇಲ್ಲ. ಇಳಿದಾಣಕ್ಕೆ ಇಟ್ಟಿಗೆ ಹಾಸು ಬೇಕಾಗಿರುವುದು ಇದಕ್ಕಾಗಿಯೇ. ಹಾಸದೆ ಇಳಿದವನು ನೆರೆಯವನ ನಷ್ಟ ತುಂಬಬೇಕೆ?

ಭಾರತ 2023ರ ಜೂನ್ 21ರಂದು ಸಹಿ ಹಾಕಿದ ಆರ್ಟೆಮಿಸ್ ಒಡಂಬಡಿಕೆಯಲ್ಲಿ ಸುರಕ್ಷಾ ವಲಯ ಎಂಬ ಕಲ್ಪನೆಯಿದೆ. ಕೆಲಸ ನಡೆಯುವ ಜಾಗದ ಸುತ್ತ ಒಂದು ವಲಯ ಘೋಷಿಸಬಹುದು; ಅದು ತಾತ್ಕಾಲಿಕ, ಒಡೆತನವಲ್ಲ. ಓದಲು ಚೆನ್ನಾಗಿದೆ. ಆದರೆ ಸ್ಥಳ ಪರಿಶೀಲನೆ ಮಾಡಿದವರಿಗೆ ತಿಳಿದಿದೆ, ತಾತ್ಕಾಲಿಕವೆಂದು ಹಾಕಿದ ಮುಳ್ಳುಬೇಲಿ ಮೂರನೆಯ ಮಳೆಗಾಲಕ್ಕೆ ಗಡಿಯಾಗುತ್ತದೆ. ಚಂದ್ರನ ಸಂಪತ್ತು ಮನುಕುಲದ ಸಮಾನ ಸ್ವತ್ತೆಂದು ಹೇಳಿದ 1979ರ ಚಂದ್ರ ಒಪ್ಪಂದಕ್ಕೆ ಭಾರತ 1982ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಲಿಲ್ಲ. ಎರಡೂ ಕಾಗದಗಳಲ್ಲಿ ನಮ್ಮ ಸಹಿಯಿದೆ.

ನಮ್ಮ 2023ರ ಬಾಹ್ಯಾಕಾಶ ನೀತಿ, ಖಾಸಗಿಯವರು ಅಲ್ಲಿ ತೆಗೆದ ಸಂಪತ್ತನ್ನು ಹೊಂದಬಹುದು, ಸಾಗಿಸಬಹುದು, ಮಾರಬಹುದು ಎನ್ನುತ್ತದೆ. ಅನ್ವಯಿಸುವ ಕಾನೂನಿಗೂ ಭಾರತದ ಅಂತರರಾಷ್ಟ್ರೀಯ ಬಾಧ್ಯತೆಗಳಿಗೂ ಒಳಪಟ್ಟು. ಅನ್ವಯಿಸುವ ಕಾನೂನು ಯಾವುದು? 2017ರ ನವೆಂಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆ ಕಾಯ್ದೆಯಾಗಲಿಲ್ಲ. ಇತ್ತ 1967ರ ಒಪ್ಪಂದದ 6ನೆಯ ವಿಧಿಯಂತೆ ಭಾರತದ ಕಂಪನಿ ಅಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಭಾರತ ಸರ್ಕಾರವೇ ಹೊಣೆ. ಹೊಣೆ ಮೊದಲು ಬಂದು ಕಾಯ್ದೆ ಹಿಂದೆ ಉಳಿದಿದೆ.

ನಮ್ಮಲ್ಲಿ ಪಹಾಣಿಯ ಜಾಗಕ್ಕೆ 2020ರಲ್ಲಿ ಧರಣಿ, ಅದರ ಜಾಗಕ್ಕೆ 2025ರಲ್ಲಿ ಭೂಭಾರತಿ ಬಂದಿತು. ತಪ್ಪಿದ್ದರೆ ತಿದ್ದಿಸಿಕೊಳ್ಳಲು ಒಂದು ಕಚೇರಿಯಾದರೂ ಇದೆ, ಅಲೆಯಲು ಒಂದು ಮೆಟ್ಟಿಲಾದರೂ ಇದೆ. ಚಂದ್ರನಿಗೆ ಬೇಕಾದ ದಫ್ತರು ಚಿಕ್ಕದೇ: ಯಾರು ಎಲ್ಲಿ ಇಳಿದರು, ಯಾರ ಕಂಬದ ನೆರಳು ಎಲ್ಲಿಯವರೆಗೆ, ಯಾವ ಕುಳಿಗೆ ಯಾವ ದಾರಿ, ಯಾರು ಎಷ್ಟು ಹಿಮ ತೆಗೆದರು. 2040ರ ಹೊತ್ತಿಗೆ ಭಾರತೀಯನೊಬ್ಬನನ್ನು ಚಂದ್ರನ ಮೇಲೆ ಇಳಿಸುವ ಗುರಿಯನ್ನು ಸರ್ಕಾರ ಘೋಷಿಸಿದೆ. ಪಹಾಣಿ ಕೇಳಿದ ಆ ಹುಡುಗನಿಗೆ ಆಗ ಮೂವತ್ತರ ಆಸುಪಾಸಿನ ವಯಸ್ಸು. ಅವನು ಸರ್ವೇಯರನಾಗಿರಲಿ, ವಕೀಲನಾಗಿರಲಿ, ಆ ದಫ್ತರಿನ ಮೊದಲ ಪುಟ ಅಷ್ಟರೊಳಗೆ ಬರೆದಾಗಿರಬೇಕು.