ಸಣ್ಣ ವಿಮಾನ, ದೊಡ್ಡ ವಿಮಾನ

ಅಲ್ ನಹ್ದಾದಲ್ಲಿ ಮನೆ ಮಾಡಿದವರಿಗೆ ವಿಮಾನದ ಸದ್ದು ಹೊಸತಲ್ಲ. ದುಬೈ ವಿಮಾನ ನಿಲ್ದಾಣ ಇಲ್ಲಿಂದ ಕೂಗಳತೆಯ ದೂರ. ಊರಿನಿಂದ ಬಂದ ನೆಂಟರು ಮೊದಲ ದಿನ ಬಾಲ್ಕನಿಗೆ ಓಡುತ್ತಾರೆ, ಮೂರನೆಯ ದಿನ ನಿದ್ದೆಯಿಲ್ಲ ಎನ್ನುತ್ತಾರೆ. ನಮಗಂತೂ ಅದು ಪಕ್ಕದ ಮನೆಯ ಮಿಕ್ಸಿ ಇದ್ದ ಹಾಗೆ.

ನಮ್ಮದೇ ಮಹಡಿಯ ಕನ್ನಡ ಕುಟುಂಬವೊಂದರ ಹದಿನೇಳು ವರ್ಷದ ಹುಡುಗ ಕಳೆದ ಚಳಿಗಾಲದಲ್ಲಿ ಸಣ್ಣ ವಿಮಾನ ನಡೆಸಲು ಕಲಿಯುತ್ತೇನೆಂದು ಹಟ ಹಿಡಿದ. ಸುದ್ದಿ ಪುತ್ತೂರಿಗೆ ತಲುಪಿದ ಸಂಜೆಯೇ ಅಜ್ಜಿಯ ಫೋನು: “ಆಟೋರಿಕ್ಷಾದಷ್ಟು ವಿಮಾನದಲ್ಲಿ ಮಗುವನ್ನು ಕೂರಿಸುತ್ತೀರಾ? ಸೌಂದರ್ಯನ ಕಥೆ ಮರೆತುಹೋಯಿತಾ?”

ಅಜ್ಜಿಯನ್ನು ದೂರುವಂತಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಪುಟ್ಟ ಸೆಸ್ನಾ ವಿಮಾನ ಕೆಲವೇ ನಿಮಿಷಗಳಲ್ಲಿ ಬಿತ್ತು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಸೌಂದರ್ಯ, ಅವರ ಸಹೋದರ ಸೇರಿ ನಾಲ್ವರೂ ತೀರಿಕೊಂಡರು. ಅಂದಿನಿಂದ ನಮ್ಮ ಜನರಿಗೆ ಸಣ್ಣ ವಿಮಾನವೆಂದರೆ ಒಂದೋ ಚುನಾವಣೆಯ ಗಡಿಬಿಡಿ, ಇಲ್ಲವೇ ಸಾವು. ಅದೇ ಜಕ್ಕೂರಿನಲ್ಲಿ ಕಲಿತು ಪೈಲಟ್ ಆದವರು ಎಷ್ಟೋ ಮಂದಿ. ಅವರ ಹೆಸರು ಯಾರ ಬಾಯಲ್ಲೂ ಇಲ್ಲ. 2024ರ ಡಿಸೆಂಬರ್ 26ರಂದು ಇಲ್ಲೇ ರಾಸ್ ಅಲ್ ಖೈಮಾದ ಕಡಲತೀರದಲ್ಲಿ ಸಣ್ಣ ವಿಮಾನವೊಂದು ಬಿದ್ದು ಇಬ್ಬರು ತೀರಿಕೊಂಡಾಗ ಅಜ್ಜಿಯ ಮಾತಿಗೆ ಇನ್ನಷ್ಟು ಬಲ ಬಂದಿತ್ತು.

ಹಾಗಾದರೆ ದೊಡ್ಡ ವಿಮಾನ? ನಮ್ಮ ಸಂಘದ ಕರಾವಳಿಯ ಮನೆಗಳಿಗೆ 2010ರ ಮೇ 22ನ್ನು ನೆನಪಿಸಬೇಕಾಗಿಲ್ಲ. ದುಬೈಯಿಂದ ಹೊರಟ ಬೋಯಿಂಗ್ 737 ಬೆಳಗಿನ ಹೊತ್ತು ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಮಂದಿ. ಆ ವಿಮಾನದಲ್ಲಿ ದೋಷವಿರಲಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದರು, ಗೊರಕೆ ಧ್ವನಿಮುದ್ರಿಕೆಯಲ್ಲಿ ಸಿಕ್ಕಿತು ಎಂದು ತನಿಖೆ ಹೇಳಿತು. ವಿಮಾನ ತೀರಾ ಎತ್ತರದಲ್ಲಿ ಬರುತ್ತಿದೆಯೆಂದು ತಿಳಿದು ಸಹಪೈಲಟ್ ಮೂರು ಬಾರಿ “ಗೋ ಅರೌಂಡ್” ಎಂದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಭಾರತದಲ್ಲಿ ಪೈಲಟ್ ಹಾರುವ 12 ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ, ಊದಿಸಿ ನೋಡುತ್ತಾರೆ. ನಿದ್ದೆಯನ್ನು ಊದಿಸಿ ನೋಡುವ ಯಂತ್ರ ಇನ್ನೂ ಬಂದಿಲ್ಲ.

ಗೋ ಅರೌಂಡ್ ಎಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ ಬರುವುದು. ಇಲ್ಲಿ ನಾವೊಂದು ಮಾತು ಒಪ್ಪಿಕೊಳ್ಳಬೇಕು. ಆ ದುರಂತದ ಹಿಂದಿನ ವರ್ಷ, 2009ರ ಮಳೆಗಾಲದಲ್ಲಿ, ನಾವು ದಂಪತಿ ಮಂಗಳೂರಿಗೆ ಹೋಗುತ್ತಿದ್ದೆವು. ಕೆಳಗೆ ತೆಂಗಿನ ತೋಟ ಕಾಣುವಷ್ಟು ಇಳಿದ ವಿಮಾನ ಗಕ್ಕನೆ ಮೇಲೇರಿತು. ಇಪ್ಪತ್ತು ನಿಮಿಷ ಸುತ್ತಾಟ. “ಇವನಿಗೆ ಇಳಿಸಲು ಬರುವುದಿಲ್ಲವಾ?” ಎಂದು ಹಿಂದಿನ ಸೀಟಿನವರು ಗೊಣಗಿದರು, ನಾವೂ ನಕ್ಕು ದನಿಗೂಡಿಸಿದೆವು. ಪೈಲಟ್ ಕ್ಷಮೆ ಕೇಳಿ ಎರಡನೆಯ ಸಲ ಸರಿಯಾಗಿ ಇಳಿಸಿದರು. ಯಾರೂ ಅವರಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮದುವೆ ಮನೆಯಲ್ಲಿ ಅದನ್ನೇ ನಗೆಚಾಟಿಕೆ ಮಾಡಿ ನಾಲ್ಕು ಜನರಿಗೆ ಹೇಳಿದೆವು. ಮರುವರ್ಷ ಮೇ ತಿಂಗಳ ಆ ಬೆಳಿಗ್ಗೆ ಟಿ.ವಿ. ಮುಂದೆ ಕೂತಾಗ ನಮಗೆ ಮೊದಲು ನೆನಪಾದದ್ದು ಆ ನಗು.

ಆದ್ದರಿಂದ ಹುಡುಗನ ತಂದೆ ಸಲಹೆ ಕೇಳಲು ಬಂದಾಗ ವಿಮಾನಕ್ಕೆ ಎಷ್ಟು ಸೀಟು ಎಂದು ನಾವು ಕೇಳಲಿಲ್ಲ. ಕಲಿಸುವ ಮೇಷ್ಟ್ರು ಹವೆ ಸರಿಯಿಲ್ಲದಾಗ ಇಂದು ಬೇಡ ಎನ್ನುತ್ತಾರಾ, ಶಿಷ್ಯ ತಪ್ಪು ತೋರಿಸಿದರೆ ಕೇಳಿಸಿಕೊಳ್ಳುತ್ತಾರಾ, ಇಷ್ಟು ವಿಚಾರಿಸಿ ಎಂದೆವು. ಅಜ್ಜಿಯನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು, ಅದು ಬೇರೆ ಕಥೆ.

ಮೊದಲ ಪಾಠದ ಶನಿವಾರ ಅಪ್ಪ ಮಗ ನಸುಕಿನಲ್ಲೇ ಎದ್ದು ಹೋಗಿ, ಒಂಬತ್ತಕ್ಕೆಲ್ಲ ಹಿಂದಿರುಗಿದರು. ಮಂಜು ಎಂದು ಪಾಠ ರದ್ದು. ಮರುವಾರವೂ ಅಷ್ಟೇ. “ಎರಡು ಸಲ ಪೆಟ್ರೋಲು ದಂಡ, ಮಧ್ಯಾಹ್ನ ಬಿಸಿಲು ಬಂತು, ಹಾರಬಹುದಿತ್ತು!” ಎಂದು ಅಪ್ಪ ನಮ್ಮ ಸೋಫಾದಲ್ಲಿ ಕೂತು ಸಿಡುಕಿದರು. ಹುಡುಗ ಏನೂ ಹೇಳದೆ ನೀರುದೋಸೆ ತಿನ್ನುತ್ತಿದ್ದ. ನಾವು ಅವನ ತಟ್ಟೆಗೆ ಇನ್ನೆರಡು ಹಾಕಿದೆವು.