ಹಕಾತಾದ ಮೂಳೆಸಾರು

ತಿಂಡಿಗೆ ಊರಿನ ಹೆಸರು ಅಂಟಿಕೊಳ್ಳುವುದು ನಮಗೆ ಹೊಸದಲ್ಲ. ಬೆಣ್ಣೆ ದೋಸೆ ದಾವಣಗೆರೆಯದು, ವಡೆ ಮದ್ದೂರಿನದು, ಪೇಡೆ ಧಾರವಾಡದ್ದು. ಬಿರಿಯಾನಿಯ ವಿಷಯಕ್ಕೆ ಬಂದರೆ ಹೈದರಾಬಾದಿನವರಿಗೂ ಆಂಬೂರಿನವರಿಗೂ ಇನ್ನೂ ರಾಜಿಯಾಗಿಲ್ಲ. ಜಪಾನಿನಲ್ಲಿ ಈ ಜಗಳ ನಡೆಯುವುದು ರಾಮೆನ್ ಎಂಬ ಶಾವಿಗೆ ಸಾರಿನ ಸುತ್ತ. ಉತ್ತರದ ಸಪ್ಪೊರೊದವರು ಮಿಸೊ, ಅಂದರೆ ಹುದುಗಿಸಿದ ಸೋಯಾ ಮುದ್ದೆಯನ್ನು ಕದಡಿದ ಸಾರೇ ಸಾರು ಎನ್ನುತ್ತಾರೆ. ಕಿತಕತ ಎಂಬ ಸಣ್ಣ ಊರಿನವರು ದಪ್ಪ ಸುರುಳಿ ಶಾವಿಗೆಯನ್ನು ತಿಳಿಸಾರಿನಲ್ಲಿ ತಿನ್ನುತ್ತಾರೆ, ಅದೂ ಬೆಳಗಿನ ಹೊತ್ತೇ. ದಕ್ಷಿಣದ ಕ್ಯೂಶೂ ದ್ವೀಪದಲ್ಲಿರುವ ಫುಕುವೊಕಾ ನಗರದ ಹೆಮ್ಮೆ ಹಕಾತಾ ರಾಮೆನ್. ಹಕಾತಾ ಎಂಬುದು ಆ ನಗರದೊಳಗಿನ ಹಳೆಯ ಬಂದರು ಭಾಗದ ಹೆಸರು. ಅಲ್ಲಿನ ಸಾರು ಹಾಲಿನಂತೆ ಬಿಳಿ. ಶಾವಿಗೆ ನೆಟ್ಟಗೆ, ಸಪೂರ.

ಆ ಬಿಳುಪು ಹಂದಿಯ ಮೂಳೆಯದು.

ಹಾಗಾದರೆ ನಮಗೂ ಅದಕ್ಕೂ ಏನು ಸಂಬಂಧ ಎಂದು ಈ ಪತ್ರಿಕೆಯ ಓದುಗರಲ್ಲಿ ಹಲವರು ಇಲ್ಲಿಯೇ ಪುಟ ಮಗುಚಬಹುದು. ಸ್ವಲ್ಪ ತಾಳಬೇಕು. ನಮ್ಮ ತಮ್ಮ ಫುಕುವೊಕಾದ ಕ್ಯೂಶೂ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾನೆ. ಅವನನ್ನು ನೋಡಲೆಂದು ನಾವು ಗಂಡ ಹೆಂಡತಿ ಹೋಗಿ ಹನ್ನೆರಡು ದಿನ ಇದ್ದು ಬಂದೆವು. ಅವನ ಬಾಡಿಗೆ ಕೋಣೆ ಇರುವುದು ಮೂರನೆಯ ಮಹಡಿಯಲ್ಲಿ. ಕೆಳಗೆ, ಮೆಟ್ಟಿಲಿನ ಪಕ್ಕಕ್ಕೇ, ಎಂಟು ಕುರ್ಚಿಗಳ ಒಂದು ರಾಮೆನ್ ಅಂಗಡಿ. ನಸುಕಿನಲ್ಲಿ ಹಂಡೆ ಒಲೆಗೇರಿದರೆ ರಾತ್ರಿಯವರೆಗೆ ಇಳಿಯುತ್ತಿರಲಿಲ್ಲ. ಅದರ ವಾಸನೆ ನಮ್ಮ ಕಿಟಕಿಗೆ, ಒಣಗಲು ಹಾಕಿದ ಬಟ್ಟೆಗೆ, ಕೊನೆಗೆ ಜಾನಮಾಜಿಗೂ ಹತ್ತಿದಂತೆ ಅನಿಸುತ್ತಿತ್ತು. ನಮ್ಮ ಅಮ್ಮಿ ಇದ್ದಿದ್ದರೆ ಏನು ಹೇಳುತ್ತಿದ್ದರೋ. ಅವರು ಆ ಪ್ರಾಣಿಯ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ಹೇಳಲೇಬೇಕಾದಾಗ ‘ಆ ಜಾನ್ವರ್’ ಎಂದು ಮುಗಿಸಿಬಿಡುತ್ತಿದ್ದರು.

ಆದರೆ ಅಡುಗೆ ಅಡುಗೆಯೇ. ಪಾಯಾ ಮಾಡಿ ಬಲ್ಲ ಮನೆಯವರಿಗೆ ಆ ಹಂಡೆಯ ಗುಟ್ಟು ತಿಳಿಯಲು ಹೊತ್ತು ಬೇಕಾಗಲಿಲ್ಲ. ಪಾಯಾವನ್ನು ನಾವು ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬಿಡುತ್ತೇವೆ. ಸಾರು ತಿಳಿಯಾಗಿ ಉಳಿದು, ತುಟಿಗೆ ಅಂಟುವಷ್ಟು ಜಿಗುಟಾಗಬೇಕು. ಹಕಾತಾದವರು ಇದಕ್ಕೆ ತದ್ವಿರುದ್ಧ. ಉರಿಯನ್ನು ಇಳಿಸದೆ ಗಂಟೆಗಟ್ಟಲೆ ಕೊತಕೊತ ಕುದಿಸುತ್ತಾರೆ. ಮೂಳೆಯ ಅಂಟು ನೀರಿಗಿಳಿಯುತ್ತದೆ, ಕೊಬ್ಬು ಆ ಕುದಿತಕ್ಕೆ ಸಿಕ್ಕಿ ಸಣ್ಣ ಸಣ್ಣ ಕಣಗಳಾಗಿ ಒಡೆದು ನೀರಿನಲ್ಲೇ ನಿಲ್ಲುತ್ತದೆ. ಹಾಲು ಬಿಳಿಯಾಗಿ ಕಾಣುವುದೂ ಸುಮಾರು ಇದೇ ಕಾರಣಕ್ಕೆ. ಹಂದಿಮೂಳೆಯ ರಾಮೆನ್ ಹುಟ್ಟಿದ್ದು ಪಕ್ಕದ ಕುರುಮೆ ಊರಿನಲ್ಲಿ, 1937ರಲ್ಲಿ, ಒಂದು ಬೀದಿ ಗಾಡಿಯಲ್ಲಿ. ಆಗ ಸಾರು ಇಷ್ಟು ಬಿಳಿ ಇರಲಿಲ್ಲ. 1947ರಲ್ಲಿ ಅದೇ ಊರಿನ ಇನ್ನೊಂದು ಅಂಗಡಿಯಲ್ಲಿ ಒಲೆಯ ಮೇಲಿನ ಹಂಡೆ ಲೆಕ್ಕ ತಪ್ಪಿ ಕುದಿದುಹೋಯಿತಂತೆ. ಚೆಲ್ಲಲು ಮನಸ್ಸಾಗದೆ ರುಚಿ ನೋಡಿದರೆ ಅದೇ ಚೆನ್ನಾಗಿತ್ತು ಎಂಬುದು ಅಲ್ಲಿಯವರು ಹೇಳುವ ಕಥೆ. ಯುದ್ಧ ಸೋತು ಎರಡು ವರ್ಷವಾಗಿದ್ದ, ಅನ್ನಕ್ಕೆ ತತ್ವಾರವಿದ್ದ ದೇಶದಲ್ಲಿ ಒಂದು ಹಂಡೆ ಸಾರನ್ನು ಚೆಲ್ಲುವವರಾದರೂ ಯಾರು?

ಮೊದಲ ಮೂರು ದಿನ ನಮ್ಮ ಊಟ ತಮ್ಮನ ಕೋಣೆಯಲ್ಲೇ ನಡೆಯಿತು. ಹೊರಗೆ ಪ್ಯಾಕೆಟ್ ತಿನಿಸು ಕೊಳ್ಳುವುದಾದರೆ ಹಂದಿ ಎಂಬ ಅಕ್ಷರದ ಆಕಾರವನ್ನು ಗುರುತಿಡಿ ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿದ. ನಮಗೆ ಜಪಾನಿ ಲಿಪಿಯಲ್ಲಿ ಓದಲು ಬಂದ ಮೊದಲ ಅಕ್ಷರ ಅದು. ಅಮ್ಮಿಗೆ ಹೇಳುವಂಥ ಸಂಗತಿಯಲ್ಲ! ಅಕ್ಷರ ಕಾಣಲಿಲ್ಲವೆಂದು ನಿಶ್ಚಿಂತೆಯಿಂದ ಕೂರುವಂತೆಯೂ ಇಲ್ಲ. ಅಡುಗೆಗೆ ಬಳಸುವ ಮಿರಿನ್ ಎಂಬ ಸಿಹಿ ದ್ರವದಲ್ಲಿ ಮದ್ಯವಿದೆ. ಹುದುಗಿಸಿದ ಸೋಯಾ ಸಾಸಿನಲ್ಲಿ ತಾನಾಗಿ ಹುಟ್ಟುವ ಮದ್ಯ ಒಂದಷ್ಟು. ಕೆಡದಿರಲೆಂದು ಕೆಲವರು ಮೇಲೆ ಸುರಿಯುವುದು ಇನ್ನೊಂದಷ್ಟು. ಶಾವಿಗೆ ಮಾತ್ರ ಬಡಪಾಯಿ. ಗೋಧಿ ಹಿಟ್ಟು, ನೀರು, ಉಪ್ಪು, ಜೊತೆಗೆ ಹಪ್ಪಳದ ಹಿಟ್ಟಿಗೆ ನಮ್ಮವರು ಹಾಕುವಂಥದೇ ಒಂದು ಕ್ಷಾರ, ಇಷ್ಟೇ ಅದರ ಸಂಸಾರ.

ಕೆಳಗಿನ ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬೇಕು. ತಲೆಗೆ ಬಿಳಿ ಟವೆಲು ಬಿಗಿದು ಸದಾ ಒಲೆಯ ಮುಂದೆ ನಿಂತಿರುತ್ತಿದ್ದರು. ನಾವು ಮೆಟ್ಟಿಲಿಳಿದಾಗಲೆಲ್ಲ ಬಾಗುತ್ತಿದ್ದರು, ನಾವೂ ಬಾಗುತ್ತಿದ್ದೆವು. ನಾಲ್ಕನೆಯ ದಿನ ಅವರು ತಮ್ಮನನ್ನು ತಡೆದು, ಅಣ್ಣ ಅತ್ತಿಗೆಯನ್ನು ಅಂಗಡಿಗೆ ಯಾವಾಗ ಕರೆತರುತ್ತೀರಿ ಎಂದು ಕೇಳಿದರಂತೆ. ಎರಡು ವರ್ಷದಿಂದ ಇವನು ಆ ಮನುಷ್ಯನಿಗೆ ‘ಹೊಟ್ಟೆ ಸರಿಯಿಲ್ಲ’ ಎಂದು ಹೇಳಿಕೊಂಡೇ ಬಂದಿದ್ದ!

“ಎರಡು ವರ್ಷ ಕೆಟ್ಟಿರೋ ಹೊಟ್ಟೆ ಯಾವುದಪ್ಪಾ? ಇದ್ದದ್ದನ್ನು ಇದ್ದ ಹಾಗೆ ಹೇಳು ಹೋಗು” ಎಂದು ಮನೆಯವರು ಗದರಿದರು.

“ಭಾಬಿ, ಇದು ಅವರ ಕಸುಬು. ನಿಮ್ಮದು ನಮಗೆ ಆಗಲ್ಲ ಅಂತ ಹೇಗೆ ಹೇಳ್ಲಿ? ಮನಸ್ಸಿಗೆ ಹಚ್ಚಿಕೊಂಡರೆ?”

ಕೊನೆಗೆ ಮೂವರೂ ಇಳಿದೆವು. ಮಧ್ಯಾಹ್ನದ ಗಿರಾಕಿಗಳೆಲ್ಲ ಹೋಗಿದ್ದ ಹೊತ್ತು. ತಮ್ಮ ಹೇಳುತ್ತಿದ್ದಂತೆ ಯಜಮಾನರು ಒಲೆ ಬಿಟ್ಟು ಈಚೆ ಬಂದರು. ಎರಡೇ ಪ್ರಶ್ನೆ ಕೇಳಿದರು. ಮಾಂಸ ಮಾತ್ರವೋ, ಕೊಬ್ಬೂ ಸೇರಿಯೋ? ಬಟ್ಟಲಿಗೆ ಹತ್ತಿದ್ದರೂ ಆಗದೋ? ಆಮೇಲೆ ಅವರು ಹೇಳಿದ್ದನ್ನು ತಮ್ಮ ಹೀಗೆ ತಿಳಿಸಿದ: “ನನ್ನ ಅಂಗಡಿಯಲ್ಲಿ ನಿಮಗೆ ಕೊಡುವಂಥದ್ದು ಏನೂ ಇಲ್ಲ. ಸೌಟು, ಜರಡಿ, ಈ ಹಲಗೆ, ಎಲ್ಲಕ್ಕೂ ಮೂವತ್ತು ವರ್ಷದ ಕೊಬ್ಬು ಹತ್ತಿದೆ. ಬರೀ ಶಾವಿಗೆ ಬೇಯಿಸಿ ಕೊಡುತ್ತೇನೆ ಅಂದರೂ ನಾನು ಸುಳ್ಳು ಹೇಳಿದ ಹಾಗೆ.” ಇಷ್ಟು ಹೇಳಿ ಹೊರಗೆ ಹೋದರು. ರಸ್ತೆಬದಿಯ ಯಂತ್ರಕ್ಕೆ ನಾಣ್ಯ ಹಾಕಿ ಮುಚ್ಚಳ ಬಿಚ್ಚದ ಮೂರು ಡಬ್ಬಿ ಹಸಿರು ಚಹಾ ತಂದು, ಎರಡೂ ಕೈಯಲ್ಲಿ ಹಿಡಿದು ನಮಗೆ ಕೊಟ್ಟರು. ಊರಿನ ಇನ್ನೊಂದು ಕಡೆ ಕೋಳಿ ಮೂಳೆಯಲ್ಲಿ ಹಕಾತಾ ಸಾರು ಮಾಡುವ ಅಂಗಡಿಯೊಂದಿದೆ, ಅಲ್ಲಿಗೆ ಮುಸ್ಲಿಮರು ಹೋಗುತ್ತಾರೆಂದು ಕೇಳಿದ್ದೇನೆ ಎಂದು ದಾರಿಯನ್ನೂ ಬರೆದುಕೊಟ್ಟರು.

ಆ ಬಿಸಿ ಡಬ್ಬಿ ಕೈಗೆ ಬಂದಾಗ ನಮಗೆ ನೆನಪಾದದ್ದು ಭದ್ರಾವತಿಯ ಎಳನೀರು. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಸೇರಿದ ನಮಗೆ ಕನ್ನಡ ತಿದ್ದಿದ ಮೇಷ್ಟ್ರೊಬ್ಬರು ಪ್ರತಿ ಈದಿಗೆ ಮನೆಗೆ ಬರುತ್ತಿದ್ದರು. ಆಚಾರವಂತರು. ನಮ್ಮ ಪಾತ್ರೆಯದು ಏನನ್ನೂ ಮುಟ್ಟುವವರಲ್ಲ. ಅದನ್ನು ಮೊದಲ ವರ್ಷವೇ ಅಬ್ಬಾನಿಗೆ ನೇರವಾಗಿ ಹೇಳಿಬಿಟ್ಟಿದ್ದರು. ಆದ್ದರಿಂದ ಶೀರ್‌ಖುರ್ಮಾದ ಗದ್ದಲದ ನಡುವೆಯೂ ಅಮ್ಮಿ ಮರೆಯದೆ ಒಂದು ಎಳನೀರು ತರಿಸಿಡುತ್ತಿದ್ದರು. ಅದಕ್ಕೆ ಯಾರ ಮನೆಯ ಲೋಟವೂ ಬೇಡವಲ್ಲ! ಮೇಷ್ಟ್ರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು, ಅಬ್ಬಾನೊಂದಿಗೆ ಗಂಟೆಗಟ್ಟಲೆ ಹರಟಿ, ಎಳನೀರು ಕುಡಿದು ಎದ್ದು ಹೋಗುವರು. ಅವರ ಬಗ್ಗೆ ಅಮ್ಮಿ ಒಂದು ದಿನವೂ ಕಹಿ ಮಾತಾಡಿದ್ದಿಲ್ಲ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ನಮಗೆಂದೇ ಒಂದು ಲೋಟವಿತ್ತು. ಕಾಂಪೌಂಡ್ ಗೋಡೆಯ ಮೇಲೆ ಬೋರಲಾಗಿ ಇರುತ್ತಿತ್ತು. ಆಟವಾಡಿ ಬಾಯಾರಿ ಹೋದರೆ ನಾವೇ ಅದನ್ನು ಎತ್ತಿಹಿಡಿಯಬೇಕು, ಅವರು ಮೇಲಿಂದ ನೀರು ಸುರಿಯಬೇಕು. ಕುಡಿದಾದ ಮೇಲೆ ತೊಳೆದು ಬೋರಲು ಹಾಕಬೇಕು. ಅಲ್ಲಿ ಯಾರೂ ನಮಗೆ ಏನನ್ನೂ ಹೇಳಿರಲಿಲ್ಲ. ಒಂದು ಕಡೆ ನಮ್ಮ ಮನೆಯದನ್ನು ಉಣ್ಣದವರು, ಇನ್ನೊಂದು ಕಡೆ ನಮಗೆ ನೀರು ಕೊಟ್ಟವರು. ಅಮ್ಮಿಯ ಸಿಟ್ಟೆಲ್ಲ ಇದ್ದದ್ದು ಎರಡನೆಯವರ ಮೇಲೆ.

ಈಗ ತಟ್ಟೆಯ ಮಾತು ತಟ್ಟೆಯಲ್ಲಿಯೇ ಉಳಿಯುತ್ತಿಲ್ಲ. 2022ರ ಯುಗಾದಿಯ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂದು ನಮ್ಮ ರಾಜ್ಯದಲ್ಲಿ ಕರೆ ಕೊಟ್ಟಾಗ, ತಲೆಮಾರುಗಳಿಂದ ಒಂದೇ ಅಂಗಡಿಯಲ್ಲಿ ಮಾಂಸ ತಂದವರೂ ಒಂದು ಗಳಿಗೆ ನಿಂತು ಯೋಚಿಸಬೇಕಾಯಿತು. ಬೇಡ ಎನ್ನುವ ಹಕ್ಕು ಎಲ್ಲರಿಗೂ ಇದೆ, ನಮಗೂ ಇದೆ. ಆದರೆ ‘ನನಗೆ ಇದು ಆಗದು’ ಎನ್ನುವುದು ಬೇರೆ, ‘ಅವನ ಅಂಗಡಿ ಮುಚ್ಚಲಿ’ ಎನ್ನುವುದು ಬೇರೆ. ಹಂದಿಯನ್ನೇ ನಂಬಿ ಬದುಕಿದ ಮುದುಕರೊಬ್ಬರ ಬಾಗಿಲಿನಲ್ಲಿ ಚಹಾ ಡಬ್ಬಿ ಹಿಡಿದು ನಿಂತಾಗ ಈ ಅಂತರ ನಮಗೆ ಕಂಡಷ್ಟು ಸ್ಪಷ್ಟವಾಗಿ ಯಾವ ಟೀವಿ ಚರ್ಚೆಯಲ್ಲೂ ಕಂಡಿರಲಿಲ್ಲ.

ಜಪಾನಿನವರಿಗೂ ನಿಷೇಧ ಅಪರಿಚಿತವಲ್ಲ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದರ ಮಾಂಸವನ್ನು ವರ್ಷದ ಕೆಲವು ತಿಂಗಳು ತಿನ್ನಕೂಡದೆಂದು ಆಜ್ಞೆ ಹೊರಡಿಸಿದ್ದ. ಮುಂದೆ ನೂರಾರು ವರ್ಷ ಮಾಂಸದ ಬಗೆಗಿನ ಹಿಂಜರಿಕೆ ಅಲ್ಲಿ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ಗೋಮಾಂಸ ತಿಂದದ್ದು ಅದಕ್ಕೇ ದೊಡ್ಡ ಸುದ್ದಿಯಾಯಿತು. ಐದರ ಆ ಹಳೆಯ ಪಟ್ಟಿಯಲ್ಲಿ ಕೋಳಿ ಇದೆ, ಹಂದಿ ಇಲ್ಲ!

ಶುಕ್ರವಾರ ಜುಮಾಕ್ಕೆ ಹಕೊಝಾಕಿಗೆ ಹೋದೆವು. ಕ್ಯೂಶೂ ದ್ವೀಪದ ಮೊದಲ ಮಸೀದಿ ಅಲ್ಲಿದೆ. ವಿಶ್ವವಿದ್ಯಾಲಯದ ಮುಸ್ಲಿಮ್ ವಿದ್ಯಾರ್ಥಿಗಳು ವರ್ಷಗಟ್ಟಲೆ ಚಂದಾ ಕೂಡಿಸಿದ್ದರ ಫಲವಾಗಿ 2009ರಲ್ಲಿ ತೆರೆದದ್ದು. ವಿಶ್ವವಿದ್ಯಾಲಯದ ಆವರಣ ಪಕ್ಕದಲ್ಲೇ ಇತ್ತೆಂದು ಅಲ್ಲಿ ಕಟ್ಟಿದರು. 2018ರ ಹೊತ್ತಿಗೆ ವಿಶ್ವವಿದ್ಯಾಲಯವೇ ನಗರದ ಪಶ್ಚಿಮಕ್ಕೆ ಗುಳೆ ಹೋಯಿತು, ಮಸೀದಿ ಉಳಿಯಿತು. ನಮಾಜು ಮುಗಿಸಿ ಯಜಮಾನರ ಚೀಟಿ ಹಿಡಿದು ರೈಲು ಹತ್ತಿದೆವು.

ಕೋಳಿಸಾರಿನ ಅಂಗಡಿಯೂ ಪುಟ್ಟದೇ. ಬಾಗಿಲಲ್ಲಿ ಯಂತ್ರಕ್ಕೆ ದುಡ್ಡು ಹಾಕಿ ಚೀಟಿ ಪಡೆಯಬೇಕು. ಅಡುಗೆಯವ ನಲವತ್ತರ ಆಸುಪಾಸಿನ ಜಪಾನಿ, ಕೈಕೆಳಗೆ ಇಂಡೋನೇಷ್ಯಾದ ಹುಡುಗನೊಬ್ಬ. ಚೀಟಿ ಕೊಟ್ಟ ಕೂಡಲೆ ಕೇಳುವ ಪ್ರಶ್ನೆ ಒಂದೇ: ಶಾವಿಗೆ ಎಷ್ಟು ಗಟ್ಟಿ? ಮೆತ್ತಗಿನದಕ್ಕೆ ಯವಾ, ಸಾಧಾರಣಕ್ಕೆ ಫುತ್ಸು, ಗಟ್ಟಿಗೆ ಕಾತಾ, ಇನ್ನೂ ಗಟ್ಟಿಗೆ ಬರಿಕಾತಾ. ನಾವು ಕಾತಾ ಎಂದೆವು. ಬಟ್ಟಲು ಬರಲು ಎರಡು ನಿಮಿಷ ಹಿಡಿಯಲಿಲ್ಲ. ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು, ಕಪ್ಪು ಅಣಬೆಯ ಎಳೆಗಳು, ಕೋಳಿಯ ಎರಡು ತುಂಡು. ಎದುರಿಗೆ ಡಬ್ಬಿಗಳಲ್ಲಿ ಎಳ್ಳು, ಕೆಂಪು ಶುಂಠಿ ಉಪ್ಪಿನಕಾಯಿ, ಬೆಳ್ಳುಳ್ಳಿ ಹಿಂಡುವ ಇಕ್ಕಳ. ಬಿಸ್ಮಿಲ್ಲಾ ಎಂದು ಮೊದಲ ಗುಟುಕು ಸಾರು ಕುಡಿದ ಮನೆಯವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಯಖ್ನಿ ಇದು. ಆದರೆ ಯಾರೋ ಸಿಟ್ಟಿನಲ್ಲಿ ಕುದಿಸಿದ ಯಖ್ನಿ” ಎಂದರು. ಸಾರು ಗಟ್ಟಿಯಾಗಿತ್ತು, ತುಟಿಗೆ ಅಂಟುತ್ತಿತ್ತು. ಮಸಾಲೆ ಎಂಬುದು ಇರಲೇ ಇಲ್ಲ. ಬೆಳ್ಳುಳ್ಳಿ ಹಿಂಡಿಕೊಂಡ ಮೇಲೆ ನಮ್ಮ ನಾಲಿಗೆಗೆ ಹತ್ತಿರವಾಯಿತು.

ಹಕಾತಾದ ಶಾವಿಗೆ ಸಪೂರವಾದ್ದರಿಂದ ಬೇಗ ಬೇಯುತ್ತದೆ, ಸಾರಿನಲ್ಲಿ ಬೇಗ ಮೆತ್ತಗೂ ಆಗುತ್ತದೆ. ಅದಕ್ಕೆ ಮೊದಲು ಕಡಿಮೆ ಹಾಕಿ, ಉಳಿದ ಸಾರಿಗೆ ಮತ್ತೊಂದು ಹಿಡಿ ಶಾವಿಗೆ ಕೇಳಿ ಹಾಕಿಸಿಕೊಳ್ಳುವ ಪದ್ಧತಿ. ಅದಕ್ಕೆ ಕಾಯೆದಾಮಾ ಎನ್ನುತ್ತಾರೆ. ನಾಗಹಾಮಾದ ಮೀನು ಮಾರುಕಟ್ಟೆಯ ಆಳುಗಳು ಗಡಿಬಿಡಿಯಲ್ಲಿ ಉಣ್ಣುತ್ತಿದ್ದ ಗಾಡಿಗಳಲ್ಲಿ ಇದು ಬೆಳೆದು ಬಂತು. ನಾವೂ ಒಂದೊಂದು ಕಾಯೆದಾಮಾ ಹೇಳಿದೆವು. ತಮ್ಮ ಎರಡು ಹೇಳಿದ. ಎರಡು ವರ್ಷದ ಕೆಟ್ಟ ಹೊಟ್ಟೆ!

ಗಿರಾಕಿಗಳು ಕಡಿಮೆಯಾದಾಗ ತಮ್ಮನ ಮೂಲಕ ಅಡುಗೆಯವನನ್ನು ಕೇಳಿಯೇಬಿಟ್ಟೆವು: ಹಂದಿಯಿಲ್ಲದ ಮೇಲೆ ಇದನ್ನು ಹಕಾತಾ ಎನ್ನಬಹುದೇ? ಆತ ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಯೋಚಿಸಿದ. “ಟೊಂಕೊತ್ಸು ಅಂತ ನಾನು ಹೇಳುವುದಿಲ್ಲ. ಟೊನ್ ಅಂದರೇ ಹಂದಿ, ಕೊತ್ಸು ಅಂದರೆ ಮೂಳೆ. ಅದಕ್ಕೇ ಬೋರ್ಡಿನಲ್ಲಿ ಕೋಳಿ ಅಂತಲೇ ಬರೆಸಿದ್ದೇನೆ. ಶಾವಿಗೆ ಮಾತ್ರ ಹಕಾತಾದ್ದು, ಕುದಿಸುವ ರೀತಿ ಹಕಾತಾದ್ದು.” ಆತನ ತಂದೆಯೂ ಇದೇ ಕಸುಬಿನವರಂತೆ, ಹಂದಿಯ ಹಂಡೆಯವರು. ಮಗನ ಅಂಗಡಿಗೆ ಒಂದು ಸಲ ಬಂದಿದ್ದರು. ಶಾವಿಗೆಯೆಲ್ಲ ತಿಂದು, ಕಾಯೆದಾಮಾ ಹಾಕಿಸಿಕೊಂಡು ಅದನ್ನೂ ಮುಗಿಸಿ, ಸಾರನ್ನು ಬಟ್ಟಲಲ್ಲಿ ಬಿಟ್ಟು, “ಶಾವಿಗೆ ಚೆನ್ನಾಗಿದೆ” ಎಂದು ಎದ್ದರಂತೆ. ನಮಗೆ ನಗು ತಡೆಯಲಾಗಲಿಲ್ಲ. ತರಕಾರಿ ಬಿರಿಯಾನಿ ಬಡಿಸಿದ ಮನೆಯಲ್ಲಿ “ಅನ್ನ ಉದುರುದುರಾಗಿದೆ” ಎಂದು ಹೊಗಳಿ ಬರುತ್ತಿದ್ದ ನಮ್ಮ ಮಾಮೂಜಾನ್ ಕಣ್ಣೆದುರು ಬಂದರು. ತಮ್ಮ ಇದನ್ನು ಜಪಾನಿಯಲ್ಲಿ ವಿವರಿಸಲು ಹೆಣಗಿದ. ಬಿರಿಯಾನಿ ತರಕಾರಿಯದೇಕೆ ಆಗಬಾರದು ಎಂಬುದೇ ಆ ಅಡುಗೆಯವನಿಗೆ ತಿಳಿಯಲಿಲ್ಲ. ಇಂಡೋನೇಷ್ಯಾದ ಹುಡುಗ ಮಾತ್ರ ನಕ್ಕ.

ಸಂಜೆ ಮರಳಿದಾಗ ಕೆಳಗಿನ ಯಜಮಾನರು ಬಾಗಿಲ ಪರದೆ ಸರಿಸಿ ಇಣುಕಿದರು. ಹೋಗಿದ್ದಿರಾ? ಹೋಗಿದ್ದೆವು. ಸಾರು ಹೇಗಿತ್ತೆಂದು ಅವರು ಕೇಳಲೇ ಇಲ್ಲ. ಶಾವಿಗೆ ಎಷ್ಟು ಗಟ್ಟಿ ಹೇಳಿದಿರಿ ಎಂದಷ್ಟೇ ಕೇಳಿದರು. ಕಾತಾ ಎಂದಾಗ ತಲೆ ಅಲ್ಲಾಡಿಸಿ ತಮ್ಮನಿಗೆ ಏನೋ ಹೇಳಿ ಒಳಗೆ ಹೋದರು.

“ಏನಂತೆ?” ಎಂದು ಮನೆಯವರು ಕೇಳಿದರು.

“ಮುಂದಿನ ಸಲ ಬರಿಕಾತಾ ಹೇಳಬೇಕಂತೆ, ಭಾಬಿ. ಕಾತಾ ಟೋಕಿಯೊದವರು ತಿನ್ನೋದಂತೆ.”