ಸರಪಳಿಯ ಎರಡು ತುದಿ

ಊರಲ್ಲಿ ಜಮೀನಿರುವವರಿಗೆಲ್ಲ ಗೊತ್ತಿರುವ ವಿಷಯ ಇದು. ಬದುವಿನ ತಕರಾರು ಶುರುವಾದರೆ ಮೊದಲು ಬರುವ ಮಾತು "ಸರ್ವೆ ಮಾಡಿಸಿಬಿಡೋಣ". ಅದರ ಹಿಂದೆಯೇ ಬರುವ ಮಾತು "ಸರ್ವೆಯವನು ಅವರ ಕಡೆಯವನು". ಈ ಎರಡು ಮಾತುಗಳ ಮಧ್ಯೆ ಎಷ್ಟೋ ಮನೆಗಳು ಮಾತು ಬಿಟ್ಟಿವೆ...

ಜಗಳ ಸಣ್ಣದು ಅನ್ನಬೇಡಿ. ಹಳೆಯ ಸರಪಳಿಯ ಉದ್ದ 33 ಅಡಿ, 16 ಆಣೆ. 33 ಅಡಿ ಅಗಲ, 33 ಅಡಿ ಉದ್ದದ ಜಾಗ ಒಂದು ಗುಂಟೆ, ಅಂದರೆ 1089 ಚದರಡಿ. 330 ಅಡಿ ಉದ್ದದ ಬದು ಬರೀ 3 ಅಡಿ ಸರಿದರೂ 990 ಚದರಡಿ ಹೋಯಿತು. 9 ಅಡಿಗೊಂದರಂತೆ ನೆಟ್ಟ ಅಡಿಕೆಯಾದರೆ ಹನ್ನೆರಡು ಮರದ ಜಾಗ!

ಕಳೆದ ಬೇಸಿಗೆಯಲ್ಲಿ ಇದು ನಮ್ಮ ಮನೆಗೂ ಬಂತು. ಪಕ್ಕದ ತೋಟದವರು ಹೊಸ ಬೇಲಿಗೆ ಕಲ್ಲುಕಂಬ ತರಿಸಿದ್ದರು. ಬದು ನಮ್ಮ ಕಡೆ ಸರಿದಿದೆ ಅಂತ ಅಪ್ಪನ ಅನುಮಾನ. ಅಮ್ಮನೂ ಆ ಮನೆಯ ಅತ್ತೆಯೂ ಮೊಸರು-ಸೊಪ್ಪು ಕೊಟ್ಟು ತೆಗೆದುಕೊಳ್ಳುವುದು ಆಗಲೇ ನಿಂತಿತ್ತು. ಅಪ್ಪ ಪೇಟೆಯ ಒಬ್ಬ ಖಾಸಗಿ ಸರ್ವೆಯವರಿಗೆ ಫೋನ್ ಮಾಡಿದರು.

"ಯಜಮಾನ್ರೇ, ಎರಡು ವರ್ಷದ ಹಿಂದೆ ಅವರ ತೋಟ ಅಳೆದಿದ್ದು ನಾನೇ. ಈಗ ನಿಮ್ಮ ಕಡೆಯಿಂದ ಬಂದರೆ ಅವರು ನಂಬಲ್ಲ, ಅವರ ಪರವಾಗಿ ಗೆರೆ ಬಂದರೆ ನೀವು ನಂಬಲ್ಲ. ನನ್ನ ಬಿಡಿ, ಕಚೇರಿಗೆ ಹದ್ದುಬಸ್ತಿಗೆ ಅರ್ಜಿ ಹಾಕಿ" ಅಂದರು ಆ ಪುಣ್ಯಾತ್ಮ.

ಬರುವ ದುಡ್ಡನ್ನು ಬೇಡ ಅಂದರಲ್ಲ ಅಂತ ಅಪ್ಪನಿಗೆ ಆಶ್ಚರ್ಯ. ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ನಮ್ಮ ಆಫೀಸಿನಲ್ಲಿ ನಾನು ಬರೆದ ಕೋಡನ್ನು ನಾನೇ ಟೆಸ್ಟ್ ಮಾಡಿ ಪಾಸ್ ಅಂದರೆ ಯಾರೂ ಒಪ್ಪುವುದಿಲ್ಲ. ನಾನು ಕಳ್ಳ ಅಂತಲ್ಲ. ಬೇಕಾದದ್ದೇ ಕಣ್ಣಿಗೆ ಕಾಣುತ್ತೆ, ಅಷ್ಟೆ :-)

ಕುತೂಹಲಕ್ಕೆ ಹುಡುಕಿದೆ. 1868ರಲ್ಲಿ ಲಂಡನ್ನಿನಲ್ಲಿ ಶುರುವಾದ ಸರ್ವೇಯರ್‌ಗಳ ಸಂಸ್ಥೆ ಆರ್‌ಐಸಿಎಸ್, ಈ ಬಗ್ಗೆ ತನ್ನ ಸದಸ್ಯರಿಗೆ ಮಾಡಿದ ನಿಯಮ 2018ರ ಜನವರಿಯಿಂದ ಜಾರಿಗೆ ಬಂತು. ಅದು ಹೇಳುವ ತೊಡಕುಗಳು ಮೂರು: ಇಬ್ಬರು ಗಿರಾಕಿಗಳ ಹಿತ ಒಂದಕ್ಕೊಂದು ಅಡ್ಡ ಬರುವುದು, ಸರ್ವೇಯರನ ಸ್ವಂತ ಲಾಭ ಅಡ್ಡ ಬರುವುದು, ಒಬ್ಬರು ನಂಬಿ ಹೇಳಿದ ಗುಟ್ಟು ಇನ್ನೊಬ್ಬರ ಕೆಲಸಕ್ಕೆ ಬೇಕಾಗುವುದು. ನಮ್ಮ ಪೇಟೆಯವರು ಆ ಪುಸ್ತಕ ಓದಿರಲಿಕ್ಕಿಲ್ಲ, ಆದರೆ ಒಂದೇ ಫೋನಿನಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಕೊಟ್ಟಿದ್ದರು.

ಅರ್ಜಿ ಹಾಕಿದೆವು. ಅಕ್ಕಪಕ್ಕದ ಹಿಡುವಳಿದಾರರಿಗೆಲ್ಲ ನೋಟಿಸ್ ಬಂತು. ಸರ್ಕಾರಿ ಭೂಮಾಪಕರು ಮೂಲ ಟಿಪ್ಪಣಿ ಹಿಡಿದು ಹಳೆಯ ಕಲ್ಲು ಹುಡುಕಿ ಅಳೆದರು. ಟೇಪಿನ ಒಂದು ತುದಿ ಹಿಡಿದದ್ದು ಅಪ್ಪ, ಇನ್ನೊಂದು ತುದಿ ಪಕ್ಕದ ತೋಟದ ಮಾವ. ಬಡಗಣ ತುದಿಯಲ್ಲಿ ಬದು ಸರಿಯಾಗಿಯೇ ಇತ್ತು, ತೆಂಕಣ ತುದಿಯಲ್ಲಿ ನಮ್ಮ ಕಡೆ 3 ಅಡಿ ಬಂದಿತ್ತು. ಅಪ್ಪ ಅಂದುಕೊಂಡದ್ದರಲ್ಲಿ ಅರ್ಧ ನಿಜ, ಮಾವ ಹೇಳಿದ್ದರಲ್ಲಿ ಅರ್ಧ ನಿಜ. ಇಬ್ಬರೂ ಮಹಜರಿಗೆ ಸಹಿ ಹಾಕಿದರು.

ಒಪ್ಪದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಇದೆ. ಕೋರ್ಟಿಗೆ ಹೋದರೆ ಸ್ಥಳ ಪರಿಶೀಲನೆಗೆ ಕಮಿಷನರ್ ನೇಮಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಅವರ ವರದಿಗೂ ಆಕ್ಷೇಪಣೆ ಸಲ್ಲಿಸಬಹುದು, ಅವರನ್ನೇ ಕರೆಸಿ ಪ್ರಶ್ನೆ ಕೇಳಬಹುದು. ಆದರೆ ಅಷ್ಟು ಹೊತ್ತಿಗೆ ಮೂರಡಿಯ ಬೆಲೆ ವಕೀಲರ ಫೀಸಿಗೇ ಸಾಲುವುದಿಲ್ಲ!

ನನಗನ್ನಿಸಿದ್ದು ಇಷ್ಟು. ಗಡಿಗೆರೆ ಯಾವತ್ತೂ ಇಬ್ಬರದ್ದು, ಅಳೆಯುವವನ ಸಂಬಳ ಮಾತ್ರ ಒಬ್ಬರ ಜೇಬಿನಿಂದ ಬರುತ್ತೆ. ಅವನು ಎಷ್ಟೇ ಪ್ರಾಮಾಣಿಕನಾದರೂ ಸೋತವನಿಗೆ ಅದು ಕಾಣುವುದಿಲ್ಲ. ಇಬ್ಬರ ಎದುರಿಗೆ ಅಳೆದದ್ದು ಮಾತ್ರ ಇಬ್ಬರಿಗೂ ಕಾಣುತ್ತೆ. ಸರ್ವೆಯವರಿಗೆ ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: "ಪಕ್ಕದವರಿಗೂ ನೀವು ಕೆಲಸ ಮಾಡಿದ್ದೀರಾ?"

ನಿಮ್ಮೂರಲ್ಲೂ ಹೀಗೆ ಬಂದ ಕೆಲಸ ಬೇಡ ಅಂದವರು ಯಾರಾದರೂ ಇದ್ದಾರಾ? ಇದ್ದರೆ ಬರೆಯಿರಿ, ಓದೋಣ.